ನಾಯಿಗೆ ಕುಲಾವಿ, ಎತ್ತಿಗೆ ಬಲೂನು

ಪಶುವೈದ್ಯ ಕಾಲೇಜಿನಲ್ಲಿ ಐದು ವರ್ಷ ಓದಿದೆ. ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಏನೇನು ನಡೆಯುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಓದಿದೆ. ಆದರೆ ಪ್ರಾಣಿಗೆ ಬಟ್ಟೆ ಹಾಕುವುದು ಹೇಗೆ ಎಂದು ಒಬ್ಬ ಮೇಷ್ಟ್ರೂ ಹೇಳಿಕೊಡಲಿಲ್ಲ. ಹಾಕಿದ್ದನ್ನು ಒದೆ ತಿನ್ನದೆ ಬಿಚ್ಚುವುದು ಹೇಗೆ ಎಂದಂತೂ ಅವರಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸುತ್ತಿ ಸುತ್ತಿ ನಾನು ಅದನ್ನು ಕಲಿತೆ. ಕಲಿಸಿದವರಲ್ಲಿ ಹೆಚ್ಚಿನವರಿಗೆ ನಾಲ್ಕು ಕಾಲು.

ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಪುಸ್ತಕದಲ್ಲಿ ಇಲ್ಲದ್ದನ್ನು ಏನಾದರೂ ಹೇಳಿ ಮೇಡಂ ಎನ್ನುತ್ತಾರೆ. ಬಡ್ತಿ ಯಾವಾಗ ಬಂತು, ಯಾರು ಸನ್ಮಾನ ಮಾಡಿದರು ಎನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ಓದಿಕೊಳ್ಳಲಿ. ನಾನು ಇಲ್ಲಿ ಬರೆಯುವುದು ಅದರಲ್ಲಿ ಇಲ್ಲದ್ದನ್ನು.

ನಮ್ಮದು ಗಾವಡಗೆರೆ ಹೋಬಳಿಯ ಒಂದು ಸಣ್ಣ ಊರು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ. ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಾ ನಾನು ಓದಿದ್ದು. ನನ್ನ ಅಂಗರಚನಾ ಶಾಸ್ತ್ರದ ಪುಸ್ತಕವನ್ನು ಇವತ್ತು ತೆರೆದರೂ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯುತ್ತದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಆ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದ. ಪುರಿ ಮಾರುವವನು ಬಂದರೂ ಒಳಗೆ ಕರೆದು ತೋರಿಸುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. "ಇಲ್ಲ್ ಬರ್ದವ್ರೆ ನೋಡಿ, ನನ್ ಮಗ್ಳು ಡಾಕ್ಟ್ರು ಅಂತವ" ಎಂದು ಯಾವಾಗಲೂ ಬೆರಳಿಡುತ್ತಿದ್ದದ್ದು ಕೆಳಗಡೆ ಯಾರೋ ಅಧಿಕಾರಿ ಹಾಕಿದ್ದ ಸಹಿಯ ಮೇಲೆ. ನಾನು ಎಂದೂ ತಿದ್ದಲಿಲ್ಲ.

ಆ ಕಾಗದದ ಜಂಬ ಅಪ್ಪನಿಗಿಂತ ನನಗೇ ಹೆಚ್ಚಿತ್ತು. ಆ ಜಂಬದಿಂದಾಗಿ ಸಾಲಿಗ್ರಾಮದ ಕಡೆ ಒಬ್ಬ ಅಜ್ಜಿಯ ಒಳ್ಳೆಯ ಎತ್ತೊಂದು ಸಂತೆಗೆ ಹೋಗುವುದರಲ್ಲಿತ್ತು. ನಾನು ಬರೆಯಲು ಕೂತದ್ದೇ ಆ ಎತ್ತಿಗಾಗಿ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ನಾಯಿ, ಒಂದಷ್ಟು ಕರುಗಳು ಅಡ್ಡ ನಿಂತಿವೆ. ಅವನ್ನು ದಾಟಿಯೇ ಹೋಗಬೇಕು.

ನಾಯಿ ಸಿಕ್ಕಿದ್ದು ರಾವಂದೂರಿನ ಕಡೆ, ನನ್ನ ಮೊದಲ ಪೋಸ್ಟಿಂಗಿನಲ್ಲಿ. ತೊಂಬತ್ತರ ದಶಕದ ಶುರು. ಆಸ್ಪತ್ರೆ ಎಂದರೆ ಒಂದು ಹೆಂಚಿನ ಮನೆ, ಮುಂದೆ ದನ ಕಟ್ಟುವ ಒಂದು ಕಬ್ಬಿಣದ ಚೌಕಟ್ಟು, ಒಳಗೆ ನಾನು ಮತ್ತು ಕಾಂಪೌಂಡರ್ ಜವರಯ್ಯ. ಜವರಯ್ಯ ನನ್ನ ಅಪ್ಪನ ವಾರಿಗೆಯವನು. ಮೀಸೆ ಬಿಳಿ, ಖಾಕಿ ಅಂಗಿ, ಬಾಯಲ್ಲಿ ಹಚ್ಚದ ಬೀಡಿ. ಮುಂದೆ ನಾನು ನಮ್ಮ ಹೋಬಳಿಗೆ, ಅಲ್ಲಿಂದ ಕೆ.ಆರ್. ನಗರದ ಕಡೆಗೆ ಹೋದಾಗ ಪ್ರತಿ ಸಲವೂ ಅವನು ತನ್ನ ಊರಿಗೆ ಹತ್ತಿರ ಎಂದು ವರ್ಗ ಮಾಡಿಸಿಕೊಂಡು ಬಂದ. ಹಾಗಾಗಿ ಈ ಕಥೆಯಲ್ಲಿ ಅವನು ಹೆಚ್ಚುಕಡಿಮೆ ಕೊನೆಯವರೆಗೂ ಇದ್ದಾನೆ.

ಸೇರಿದ ತಿಂಗಳಲ್ಲೇ ಒಂದು ಬೆಳಿಗ್ಗೆ ಒಂದೇ ಸೈಕಲ್ಲಿನ ಮೇಲೆ ಇಬ್ಬರು ಏದುಸಿರು ಬಿಡುತ್ತಾ ಬಂದರು.

"ಡಾಕ್ಟ್ರು ಎಲ್ಲವ್ರವ್ವ?"

"ನಾನೇ ಡಾಕ್ಟ್ರು."

ಇಬ್ಬರೂ ನನ್ನನ್ನು ನೋಡಿ, ನನ್ನ ಹಿಂದೆ ನಿಂತಿದ್ದ ಬಿಳಿ ಮೀಸೆಯನ್ನು ನೋಡಿ, ಮೀಸೆಗೆ ಕೈ ಮುಗಿದರು. "ಸಾಮೇ, ಬ್ಯಾಗ್ನೆ ಬನ್ನಿ ನೀವು."

ಜವರಯ್ಯ ಬೀಡಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡ. "ನಾನ್ ಸೂಜಿ ತೊಳ್ಯೋನು ಕಣಪ್ಪ. ಚುಚ್ಚೋರು ಅವ್ರು."

ವಿಷಯ ಏನೆಂದರೆ ಊರಿನ ಒಂದು ನಾಯಿಗೆ ಹುಚ್ಚು ಹಿಡಿದಿದೆ. ಶಾಲೆಯ ಮುಂದೆ ಗಿರಗಿರ ಸುತ್ತುತ್ತಿದೆ, ಬಾಯಲ್ಲಿ ನೊರೆ, ತಲೆಯನ್ನು ನೆಲಕ್ಕೆ ಉಜ್ಜುತ್ತಿದೆ. ಜನ ಮನೆಗಳ ಮೇಲೆ ಹತ್ತಿ ಕೂತಿದ್ದಾರೆ. ದೊಣ್ಣೆ ಹಿಡಿದ ನಾಲ್ಕು ಜನ ಕೆಳಗಿದ್ದಾರೆ. ಡಾಕ್ಟರು ಒಂದು ಮಾತು ಹೇಳಿದರೆ ಬಡಿದು ಹಾಕುತ್ತಾರೆ.

ಹೋಗಿ ನೋಡಿದೆ. ನಾಯಿ ಸುತ್ತುತ್ತಿದ್ದದ್ದು ನಿಜ, ನೊರೆಯೂ ನಿಜ. ಆದರೆ ಹುಚ್ಚು ನಾಯಿಯ ಲಕ್ಷಣಗಳ ಪಟ್ಟಿಯಲ್ಲಿ ಗುಲಾಬಿ ಬಣ್ಣದ ಕುಲಾವಿ ಇದ್ದದ್ದನ್ನು ನಾನು ಎಲ್ಲೂ ಓದಿರಲಿಲ್ಲ.

ಅಂದು ಶಾಲೆಯಲ್ಲಿ ಮಕ್ಕಳ ವೇಷದ ಸ್ಪರ್ಧೆ ಇತ್ತಂತೆ. ಒಂದು ಹುಡುಗಿ ತಾನು ತಾಯಿಯ ವೇಷ ಹಾಕಿ, ಮಗುವಿನ ಪಾತ್ರಕ್ಕೆ ನಾಯಿಯನ್ನು ಸಿದ್ಧ ಮಾಡಿದ್ದಳು. ಕಿವಿ ಎರಡನ್ನೂ ಮಡಿಸಿ ಕುಲಾವಿಯ ಒಳಗೆ ತುರುಕಿ, ಗದ್ದದ ಕೆಳಗೆ ಎಲಾಸ್ಟಿಕ್ಕು ಎಳೆದು, ಕೊರಳಿಗೆ ಮಣಿಸರ ಹಾಕಿದ್ದಳು. ಮಣಿಸರ ನಾಯಿಯ ಕೆಳದವಡೆಗೆ ಸಿಕ್ಕಿಕೊಂಡಿತ್ತು. ಬಾಯಿ ಮುಚ್ಚಲಾಗದೆ ಜೊಲ್ಲು ನೊರೆಯಾಗಿತ್ತು. ಗೋಣಿಚೀಲವನ್ನು ಅದರ ಮೇಲೆ ಹಾಕಿ ಜವರಯ್ಯ ಅದುಮಿ ಹಿಡಿದ, ನಾನು ಕತ್ತರಿಯಲ್ಲಿ ಎಲಾಸ್ಟಿಕ್ಕು, ಸರ ಎರಡನ್ನೂ ಕತ್ತರಿಸಿದೆ. ನಾಯಿ ಎದ್ದು ಕಿವಿಗಳನ್ನು ಪಟಪಟನೆ ಒದರಿ, ಜವರಯ್ಯನ ಚೀಲದಲ್ಲಿದ್ದ ರಾಗಿರೊಟ್ಟಿಯನ್ನು ಎಳೆದುಕೊಂಡು ಶಾಲೆಯ ಹಿಂದಕ್ಕೆ ಓಡಿತು.

ಗುಂಪಿನಿಂದ ಒಬ್ಬ ಹೆಂಗಸು ಬಂದು ಕುಲಾವಿ ಎತ್ತಿಕೊಂಡಳು. "ಅಯ್ಯೋ ನಮ್ ಕೂಸಿನ್ ಕುಲಾವಿ! ಬೆಳಗಿಂದ ಉಡುಕ್ತಾ ಅವ್ನಿ ಕಣವ್ವ!" ಹೆಂಚಿನ ಮೇಲೆ ಕೂತಿದ್ದವರು ಹತ್ತುವಾಗ ಏಣಿ ಕೇಳಿರಲಿಲ್ಲ, ಇಳಿಯಲು ಏಣಿ ಬೇಕಾಯಿತು. (ನಾನು ಮಾಡಿದ ಹಾಗೆ ನೀವು ಮಾಡಬೇಡಿ. ಅನುಮಾನದ ನಾಯಿಯ ಬಾಯಿಯ ಹತ್ತಿರ ಕೈ ಹಾಕಿದ ತಪ್ಪಿಗೆ ನಾನೂ ಜವರಯ್ಯನೂ ಇಂಜೆಕ್ಷನ್ ಚುಚ್ಚಿಸಿಕೊಂಡೆವು.)

ಆ ದಿನ ನಾನು ಹುಡುಗಿಗೆ ಹೇಳಿದ್ದನ್ನೇ ಈಗಲೂ ಎಲ್ಲರಿಗೂ ಹೇಳುತ್ತೇನೆ. ನಾಯಿಗೆ, ಬೆಕ್ಕಿಗೆ ಏನು ಹಾಕಿದರೂ ಕಿವಿ, ಕಣ್ಣು, ಬಾಯಿ ಮೂರೂ ಬಿಟ್ಟು ಹಾಕಿ. ಕಟ್ಟಿದ ದಾರದ ಕೆಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ತೂರಬೇಕು. ಮಣಿ, ಗುಂಡಿ, ಕಚ್ಚಿ ನುಂಗುವಂಥ ಯಾವುದೂ ಬೇಡ. ಹಾಕಿದ ಮೇಲೆ ಹತ್ತಿರವೇ ಇರಿ, ಫೋಟೋ ಆದ ತಕ್ಷಣ ಬಿಚ್ಚಿ. ಇನ್ನೊಂದು ಮುಖ್ಯ ಮಾತು. ಪ್ರಾಣಿ ಅಲ್ಲಾಡದೆ ನಿಂತರೆ ಒಪ್ಪಿಕೊಂಡಿದೆ ಎಂದು ಖುಷಿಪಡಬೇಡಿ. ಬಾಲ ಒಳಗೆ ಸೇರಿದೆಯಾ, ಸುಮ್ಮಸುಮ್ಮನೆ ಆಕಳಿಸುತ್ತಿದೆಯಾ, ತುಟಿ ನೆಕ್ಕಿಕೊಳ್ಳುತ್ತಿದೆಯಾ ನೋಡಿ. ಬಲವಂತಕ್ಕೆ ಸೀರೆ ಉಡಿಸಿ ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದಾಗ ನಾವೂ ಹಾಗೇ ಅಲ್ಲಾಡದೆ ಕೂತಿರುತ್ತೇವೆ.

ಕರುಗಳ ಕಥೆ ನಡೆದದ್ದು ನನ್ನ ಸ್ವಂತ ಹೋಬಳಿಯಲ್ಲಿ. ಮಿಶ್ರತಳಿ ಹಸುಗಳು ಮನೆಮನೆಗೆ ಬರುತ್ತಿದ್ದ ಕಾಲ. ಧನುರ್ಮಾಸದ ಚಳಿಗೆ ಅವುಗಳ ಕರುಗಳು ಗಡಗಡ ನಡುಗಿ ಕೆಮ್ಮು ಹಿಡಿಸಿಕೊಳ್ಳುತ್ತಿದ್ದವು. ಗೋಣಿಚೀಲದ ಕೋಟು ಹೊಲಿಸಿ ಹೊದಿಸಿ ಎಂದು ಡೈರಿಯ ಮುಂದೆ ಸಭೆ ಸೇರಿಸಿ ಹೇಳಿದೆ. ಊರಿನ ಟೈಲರ್ ಶಿವಣ್ಣ ಟೇಪು ಹಿಡಿದುಕೊಂಡೇ ಬಂದಿದ್ದ. ಕರುವಿನ ಎದೆ, ಬೆನ್ನು, ಕತ್ತು ಎಲ್ಲ ಅಳೆದು ಬರೆದುಕೊಂಡು, ಬಹಳ ಗಂಭೀರವಾಗಿ ಕೇಳಿದ:

"ಮೇಡಂ, ಜೇಬು ಮಡಗ್ಲಾ?"

"ಕರುಗೆ ಜೇಬು ಯಾಕೆ ಶಿವಣ್ಣ?"

"ಮಡಗುದ್ರೆ ವಸಿ ಚೆನ್ನಾಗ್ ಕಾಣ್ತದೆ ಅಂತ."

ಜೇಬಿಲ್ಲದ ಕೋಟು ಹೊಲಿದ. ಮೊದಲ ಕೋಟನ್ನು ಒಂದು ಹೋರಿಗರುವಿಗೆ ಹಾಕಿದೆವು. ಹೊಟ್ಟೆಯ ಕೆಳಗಿನ ಪಟ್ಟಿಯನ್ನು ನಾನೇ ಕಟ್ಟಿದೆ. ಜನ ಚಪ್ಪಾಳೆ ಹೊಡೆದರು. ಜವರಯ್ಯ ಬಗ್ಗಿ ನೋಡಿ ನನ್ನ ಕಿವಿಯ ಹತ್ತಿರ ಬಂದ. "ಮೇಡಂ, ಇಂಗ್ ಕಟ್ಟುದ್ರೆ ಇದು ಉಚ್ಚೆ ಎಲ್ಲಿಂದ ಉಯ್ಬೇಕು?"

ಪಟ್ಟಿಯನ್ನು ನಾನು ಸರಿಯಾಗಿ ಆ ಜಾಗದ ಮೇಲೇ ಬಿಗಿದಿದ್ದೆ. ಸುತ್ತ ಮೂವತ್ತು ಗಂಡಸರು. ಅದರಲ್ಲಿ ಅರ್ಧ ಜನ ನನ್ನನ್ನು ಎತ್ತಿ ಆಡಿಸಿದವರು. "ಗಂಡು ಕರುವಾದರೆ ಪಟ್ಟಿ ಮೂತ್ರದ್ವಾರದಿಂದ ನಾಲ್ಕು ಬೆರಳು ಮುಂದೆ ಇರತಕ್ಕದ್ದು" ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ಜವರಯ್ಯ ಅದನ್ನೇ ಊರ ಕನ್ನಡದಲ್ಲಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಎಲ್ಲರಿಗೂ ಅರ್ಥವಾಯಿತು. ನಾನು ಆ ಹೊತ್ತು ಟೇಪನ್ನು ಸುತ್ತಿಡುವ ಕೆಲಸದಲ್ಲಿ ಮಗ್ನಳಾಗಿದ್ದೆ.

ಒಬ್ಬರು ಗೋಣಿ ಚುಚ್ಚುತ್ತದೆ ಎಂದು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕೋಟು ಹೊಲಿಸಿದರು. ಕರು ಒಳಗೆ ಬೆವರಿ ಬೆಂದುಹೋಯಿತು. ಗಾಳಿ ಆಡದ ಬಟ್ಟೆಯನ್ನು ಪ್ರಾಣಿಗೆ ಹಾಕಬಾರದು ಎಂದು ಆಗ ಸೇರಿಸಿದೆ. ನನ್ನ ಹೆಚ್ಚಿನ ಸಲಹೆಗಳು ಹೀಗೇ ಒಂದೊಂದು ಎಡವಟ್ಟಿನ ಮಾರನೆಯ ದಿನ ಹುಟ್ಟಿದವು.

ಆ ಕೋಟುಗಳನ್ನು ನೋಡಲು ನಮ್ಮ ಮೇಲಧಿಕಾರಿಗಳು ಬಂದರು. ಹೆಸರು ಬೇಡ, ಸಾಹೇಬರು ಎನ್ನೋಣ. ಒಳ್ಳೆಯವರೇ. ಕೆಲಸ ಚೆನ್ನಾಗಿ ಆದರೆ ತಮ್ಮದು, ಕೆಟ್ಟರೆ ನಮ್ಮದು ಎನ್ನುವುದನ್ನು ಬಿಟ್ಟರೆ ಬೇರೆ ದೋಷವಿರಲಿಲ್ಲ. ಫೋಟೋ ಚೆನ್ನಾಗಿ ಬರಲಿ ಎಂದು ಹಸುವಿಗೆ ಒಂದು ಚೆಂಡುಹೂವಿನ ಹಾರ ಹಾಕಿ, ತಾವೂ ಒಂದನ್ನು ಹಾಕಿಸಿಕೊಂಡು ಪಕ್ಕ ನಿಂತರು. ಫೋಟೋದವನು "ರೆಡಿ" ಎನ್ನುವಷ್ಟರಲ್ಲಿ ಹಸುವಿನ ಹಾರವನ್ನು ಪಕ್ಕದ ಹಸು ತಿನ್ನತೊಡಗಿತ್ತು, ಸಾಹೇಬರ ಹಾರವನ್ನು ಈ ಹಸು. ಸಾಹೇಬರ ಹಾರದ ದಾರ ನೈಲಾನಿನದು, ಹರಿಯಲಿಲ್ಲ. ಹಸು ಎಳೆದ ಕಡೆ ಅವರೂ ಹೋದರು. ಕೊಟ್ಟಿಗೆಯ ಒಳಗಿನವರೆಗೂ ಹೋದರು.

ಜವರಯ್ಯ ಓಡಿಹೋಗಿ ಹಾರ ಕತ್ತರಿಸಿದ. ಬಂದವನು ಹೇಳಿದ: "ಎಳುದ್ರೆ ಬಿಚ್ಚೋ ಗಂಟು ಹಾಕ್ಬೇಕಿತ್ತು ಮೇಡಂ."

ಈ ಗಂಟಿನ ಬಗ್ಗೆ ಎರಡು ಮಾತು. ದನವನ್ನು ಕಂಬಕ್ಕೆ ಕಟ್ಟುವಾಗ ಹಗ್ಗದ ಒಂದು ತುದಿ ಎಳೆದರೆ ತಟ್ಟನೆ ಬಿಚ್ಚಿಕೊಳ್ಳುವ ಹಾಗೆ ಹಾಕುವ ಗಂಟು ಅದು. ನಮ್ಮ ಕಾಲದಲ್ಲಿ ಎತ್ತಿಗೆ ಚಿಕಿತ್ಸೆ ಮಾಡಬೇಕೆಂದರೆ ಹಗ್ಗ ಸುತ್ತಿ ನೆಲಕ್ಕೆ ಕೆಡವುತ್ತಿದ್ದೆವು. ಆ ಗಂಟು ಬರದವನು ಡಾಕ್ಟರೇ ಅಲ್ಲ. ಆಮೇಲೆ ಮಂಪರಿನ ಇಂಜೆಕ್ಷನ್ ಬಂತು, ಚುಚ್ಚಿದರೆ ಎತ್ತು ತಾನಾಗಿಯೇ ತೂಕಡಿಸುತ್ತದೆ. ಈಗಿನವರಿಗೆ ಹಗ್ಗವೇ ಮರೆತಿದೆ. ಮರೆಯಬೇಡಿ. ಪ್ರಾಣಿಗೆ ಏನೇ ಉಡಿಸಿದರೂ ಕಟ್ಟಬೇಕಾದ್ದು ಆ ಗಂಟೊಂದನ್ನೇ.

ಈಗ ಎತ್ತಿನ ಕಥೆ.

ಸಾಲಿಗ್ರಾಮದ ಹತ್ತಿರದ ಒಂದು ನೀರಾವರಿ ಊರು. ಅಲ್ಲಿ ನಿಂಗಜ್ಜಿ ಎಂಬ ಮುದುಕಿ. ಅವಳ ಎತ್ತು ಚೆಲುವ. ತಾಯಿ ಹಸು ಸತ್ತಾಗ ಮೂರು ದಿನದ ಕರುವಾಗಿದ್ದ ಅದಕ್ಕೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಸಾಕಿದ್ದಳು. ಎತ್ತಾದ ಮೇಲೂ ಅದು ಅವಳ ಸೆರಗನ್ನು ನೆಕ್ಕುತ್ತಾ ಹಿಂದೆ ಹಿಂದೆ ಬರುತ್ತಿತ್ತು. ಅದರ ಜೊತೆ ಎತ್ತು ಅವಳ ಮೈದುನನ ಮಗ ಸ್ವಾಮಣ್ಣನದು. ಎರಡನ್ನೂ ಕೂಡಿಸಿ ಕಟ್ಟಿ ಇಬ್ಬರ ಗದ್ದೆಯನ್ನೂ ಅವನೇ ಉಳುತ್ತಿದ್ದ.

ಸಂಕ್ರಾಂತಿಗೆ ಮುಂಚೆ ನಾನು ಆ ಊರಿಗೆ ಹೋಗಿ ಡೈರಿಯ ಮುಂದೆ ಮಾತಾಡಿದೆ. ಕೊಂಬಿಗೆ ಎನಾಮಲ್ ಪೈಂಟ್ ಹೊಡೆಯಬೇಡಿ, ಅದರಲ್ಲಿ ಸೀಸ ಇರುತ್ತದೆ, ಒಂದರ ಕೊಂಬನ್ನು ಒಂದು ನೆಕ್ಕಿದರೆ ವಿಷ, ಬದಲಿಗೆ ಎಣ್ಣೆ ಅರಿಶಿನ ಹಚ್ಚಿ ಎಂದೆ. ಆ ಮಾತು ಸರಿಯೇ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹಿಂದಿನಿಂದ ಸ್ವಾಮಣ್ಣ ಕೂಗಿದ:

"ಅರಿಸ್ನ ಹಚ್ಚಕ್ಕೆ ಎತ್ಗೇನ್ ಮದ್ವೆಯಾ ಡಾಕ್ಟ್ರಮ್ಮಾರೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ರೇಗಿತು. ಐದು ವರ್ಷ ಓದಿದವಳ ಹತ್ತಿರ ಇದಕ್ಕೆ ಉತ್ತರ ಇಲ್ಲವೆಂದುಕೊಂಡರೆ? "ಬಣ್ಣ ಬೇಕು ಅಂದ್ರೆ ಬಲೂನು ಕಟ್ಟಿ" ಎಂದುಬಿಟ್ಟೆ. "ಹಗುರ, ಬಣ್ಣಬಣ್ಣ, ವಿಷ ಇಲ್ಲ." ನನ್ನ ವರದಿಯಲ್ಲಿ ಇದನ್ನು ಓದಿದ ಸಾಹೇಬರಿಗೆ ಎಷ್ಟು ಹಿಡಿಸಿತೆಂದರೆ ಕರಪತ್ರ ಮಾಡಿಸಿಬಿಟ್ಟರು. ಕೆಳಗೆ ಅವರ ಹೆಸರು.

ಊರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎಂದಿನಂತೆ ಪೈಂಟನ್ನೇ ಹೊಡೆದರು. ನಿಂಗಜ್ಜಿ ಒಬ್ಬಳು ಮಾತ್ರ "ಓದ್ದೋಳು ಯೋಳವ್ಳೆ, ಸುಮ್ಕೆ ಯೋಳಾಳಾ?" ಎಂದು ಪೇಟೆಯಿಂದ ಬಲೂನು ತರಿಸಿದಳು.

ಹಬ್ಬದ ಮಾರನೆಯ ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆಗೆಯುವಾಗಲೇ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು.

"ಡಾಕ್ಟ್ರವ್ವ, ಒಂದ್ ಕಾಗ್ದ ಬರ್ಕೊಡು."

"ಏನು ಅಂತ ಅಜ್ಜಿ?"

"ನಮ್ ಚೆಲ್ವ ಒಳ್ಳೇನು ಅಂತ. ಸೀಲು ಒತ್ತಿ ಕೊಡು."

ಹಿಂದಿನ ಸಂಜೆ ಕಿಚ್ಚು ಹಾಯಿಸುವಾಗ ಹೀಗಾಯಿತಂತೆ. ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಸಿಂಗಾರ ಮಾಡಿದ ದನಗಳನ್ನು ಅದರ ಮೇಲೆ ಹಾರಿಸುತ್ತಾರಲ್ಲ, ಪ್ರತಿವರ್ಷ ಬೆಕ್ಕಿನ ಹಾಗೆ ಹಾರುತ್ತಿದ್ದ ಚೆಲುವ ಈ ಸಲ ಬೆಂಕಿಯ ಮುಂದೆ ಬಂದವನು ಇದ್ದಕ್ಕಿದ್ದಂತೆ ಬೆದರಿ ಹಿಂದಕ್ಕೆ ತಿರುಗಿ ಜನರ ನಡುವೆ ನುಗ್ಗಿದ. ಮೈಮೇಲೆ ಹೊದಿಸಿದ್ದ ಅಜ್ಜಿಯ ನೈಲಾನು ಸೀರೆ ಮುಖದ ಮೇಲೆ ಬಿದ್ದು ಕಣ್ಣು ಕಾಣದೆ ಎದುರಿಗೆ ಸಿಕ್ಕಿದವರನ್ನು ಹಾಯ್ದ. ಎದುರಿಗೆ ಸಿಕ್ಕಿದವನು ಹೊಸ ಬಿಳಿ ಪಂಚೆ ಉಟ್ಟು ನಿಂತಿದ್ದ ಸ್ವಾಮಣ್ಣ. ಅವನನ್ನು ತಿಪ್ಪೆಗುಂಡಿಯಿಂದ ಎತ್ತಬೇಕಾಯಿತು. ಈಗ ಕೈ ಮುರಿದಿದೆ ಎಂದು ಕೊರಳಿಗೆ ಬಟ್ಟೆ ಕಟ್ಟಿಕೊಂಡು, ಹಾಯುವ ಎತ್ತು ಊರಲ್ಲಿರಬಾರದು, ಬರುವ ಸಂತೆಗೆ ಹೊಡೆಯಲೇಬೇಕು ಎಂದು ಯಜಮಾನರ ಹತ್ತಿರ ನ್ಯಾಯ ಹಾಕಿದ್ದಾನೆ. ಹಾಯುತ್ತದೆ ಎಂದು ಹೆಸರಾದ ಎತ್ತನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂದು ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಒಳ್ಳೆಯ ಸ್ವಭಾವ ಅಂತ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ ಅಜ್ಜಿ. ಬಂದು ನೋಡ್ತೀನಿ, ನಡಿ."

ಕೊಟ್ಟಿಗೆಯಲ್ಲಿ ಚೆಲುವ ಅಜ್ಜಿಯ ಸೆರಗು ನೆಕ್ಕುತ್ತಾ ನಿಂತಿದ್ದ. ನಾನು ಮುಖ ಸವರಿದೆ, ಸುಮ್ಮನಿದ್ದ. ಎಡಗಿವಿಯ ತುದಿಯ ಕೂದಲು ಸುಟ್ಟು ಮುರುಟಿತ್ತು. ಕೊಂಬಿನ ಬುಡದಲ್ಲಿ ದಾರ, ದಾರದಲ್ಲಿ ಕೆಂಪು ಹಳದಿ ರಬ್ಬರಿನ ಚೂರುಗಳು.

"ಇದೇನು ಅಜ್ಜಿ?"

"ಬಲೂನು ಕಣವ್ವ. ನೀನೇ ಯೋಳಿದ್ದಲ್ಲ. ಈ ಕಡಿಕ್ ಮೂರು, ಆ ಕಡಿಕ್ ಮೂರು."

"ಕಿಚ್ಚಿನ ಹತ್ತಿರ ಹೋಗೋ ಮುಂಚೆ ಬಿಚ್ಚಲಿಲ್ವಾ?"

"ಬಿಚ್ಚು ಅಂತ ನೀನು ಯೋಳ್ನಿಲ್ವಲ್ಲ."

ಜವರಯ್ಯ ನನ್ನ ಮುಖ ನೋಡಲಿಲ್ಲ. ಕೊಟ್ಟಿಗೆಯ ಸೂರು ಎಷ್ಟು ಗಟ್ಟಿಯಾಗಿದೆ ಎಂದು ಪರೀಕ್ಷಿಸುತ್ತಾ ನಿಂತ.

ಆರು ಬಲೂನು, ಎರಡು ಕಿವಿಯ ಪಕ್ಕದಲ್ಲಿ, ಬೆಂಕಿಯ ಝಳಕ್ಕೆ ಒಟ್ಟಿಗೆ ಒಡೆದಿವೆ. ತಮಟೆಯ ಸದ್ದಿನಲ್ಲಿ ಜನರಿಗೆ ಕೇಳಿಲ್ಲ, ಚೆಲುವನಿಗೆ ಮಾತ್ರ ಕೇಳಿದೆ. ಕಿಚ್ಚು ಹಾಯಿಸುವ ಸೀಮೆಯಲ್ಲೇ ಹುಟ್ಟಿ, ವರ್ಷವರ್ಷ ಅಪ್ಪನ ಎತ್ತುಗಳ ಹಿಂದೆ ಓಡಿದವಳು ನಾನು. ಬಲೂನು ಕಟ್ಟಿ ಎನ್ನುವಾಗ ಬೆಂಕಿಯ ನೆನಪೇ ಬರಲಿಲ್ಲ. ಬಂದದ್ದು ಸ್ವಾಮಣ್ಣನ ನಗೆಗೆ ಉತ್ತರ ಕೊಡಬೇಕು ಎನ್ನುವುದು.

ಡೈರಿಯ ಫೋನಿನಿಂದ ಸಾಹೇಬರಿಗೆ ಹೇಳಿದೆ.

"ಬಾಯಲ್ಲಿ ಏನಾದರೂ ಸಮಾಧಾನ ಹೇಳಿ ಬನ್ನಿ. ಬರವಣಿಗೆಯಲ್ಲಿ ಮಾತ್ರ ಏನೂ ಕೊಡಬೇಡಿ. ಕರಪತ್ರ ಹೊರಗೆ ಹೋಗಿದೆ."

"ಅದರಲ್ಲಿ ನಿಮ್ಮ ಹೆಸರಿದೆ ಸರ್."

"ಅದಕ್ಕೇ ಹೇಳ್ತಾ ಇರೋದು."

ಸಂತೆಗೆ ಎರಡು ದಿನ ಇರುವಾಗ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಯಜಮಾನ ಕೆಂಚೇಗೌಡರು ನಡುವೆ ಕೂತಿದ್ದರು. ಚೆಲುವನನ್ನು ಸ್ವಲ್ಪ ದೂರದ ಬೇವಿನ ಮರಕ್ಕೆ ಕಟ್ಟಿತ್ತು, ಅಜ್ಜಿ ಅದರ ಹಗ್ಗ ಹಿಡಿದು ನಿಂತಿದ್ದಳು. ಕೊರಳಿಗೆ ಕೈ ಕಟ್ಟಿಕೊಂಡ ಸ್ವಾಮಣ್ಣ ಕಟ್ಟೆಯ ತುದಿಯಲ್ಲಿ ನರಳುತ್ತಾ ಕೂತಿದ್ದ. ನಾನು ಎದ್ದು ನಿಂತು, ತಪ್ಪು ಎತ್ತಿನದಲ್ಲ, ಬಲೂನು ಕಟ್ಟಿ ಎಂದ ನನ್ನದು ಎಂದು ಹೇಳಿದೆ. ಡಿಗ್ರಿ ಪರೀಕ್ಷೆಯ ಮೌಖಿಕದಲ್ಲೂ ನಾನು ಅಷ್ಟು ತಡವರಿಸಿರಲಿಲ್ಲ.

ಸ್ವಾಮಣ್ಣ ನಕ್ಕ. "ದೊಡ್ಡವ್ವನ್ ಮ್ಯಾಲೆ ಕರುಣೆಗೆ ಸುಳ್ ಯೋಳ್ತಾವ್ರೆ ಬುಡಿ ಗೌಡ್ರೆ. ಬಲೂನ್ ಸದ್ಗೆಲ್ಲ ಎತ್ತು ಬೆದ್ರುತದಾ? ಮಕ್ಳಾಡೋ ಸಾಮಾನು ಕಣ್ರೀ ಅದು. ಅದ್ಕೆ ಎದ್ರೋದಾದ್ರೆ..."

ಅವನ ಬೆನ್ನ ಹಿಂದೆ ಜವರಯ್ಯ ಯಾವಾಗ ಹೋಗಿ ನಿಂತನೋ ನಾನು ನೋಡಿರಲಿಲ್ಲ. ನಾನು ಕಂಡಷ್ಟು ದಿನದಲ್ಲಿ ಅವನು ಬೀಡಿ ಹಚ್ಚಿದ್ದು ಅದೇ ಮೊದಲು. ಇನ್ನೊಂದು ಕೈಯಲ್ಲಿ ಒಂದು ಹಳದಿ ಬಲೂನು.

ಢಂ!

ಸ್ವಾಮಣ್ಣ ಕೂತಲ್ಲಿಂದ ಹಾರಿ, ಕೆಂಚೇಗೌಡರ ತೊಡೆಯನ್ನು ತುಳಿದು, ಕಟ್ಟೆಯಿಂದ ನೆಗೆದು, ಎರಡು ಕೈಯನ್ನೂ ಬೀಸುತ್ತಾ ಡೈರಿಯ ಬಾಗಿಲವರೆಗೂ ಓಡಿದ. ಎರಡು ಕೈಯನ್ನೂ. ಕೊರಳಿನ ಬಟ್ಟೆ ಬಾವುಟದ ಹಾಗೆ ಹಿಂದೆ ಹಾರುತ್ತಿತ್ತು. ಬೇವಿನ ಮರದ ಕೆಳಗೆ ಚೆಲುವ ಕಿವಿ ನಿಮಿರಿಸಿ ಒಂದು ಸಲ ನೋಡಿ, ಸೆಗಣಿ ಹಾಕಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದ.

ಮೊದಲು ಮಾತಾಡಿದವಳು ನಿಂಗಜ್ಜಿ. "ಎತ್ತು ನಿಂತದೆ, ಇವ್ನು ಓಡವ್ನೆ. ಸಂತೆಗೆ ಯಾರ್ನ ಹೊಡ್ಕೊಂಡೋಗದು ಯೋಳಿ ಗೌಡ್ರೆ."

ಕಟ್ಟೆಯ ಮೇಲಿದ್ದವರು ನಗು ತಡೆಯಲಾರದೆ ಒಬ್ಬರ ಮೇಲೆ ಒಬ್ಬರು ಬಿದ್ದರು. ಕೆಂಚೇಗೌಡರು ತೊಡೆ ಉಜ್ಜಿಕೊಳ್ಳುತ್ತಾ ಹೇಳಿದರು: "ಬೆನ್ನಿಂದೆ ಒಂದ್ ಬಲೂನ್ ಒಡುದ್ರೆ ಮನ್ಸ ಇಂಗಾಯ್ತನೆ. ಆರು, ಕಿವಿ ತಾವೇ ಒಡುದ್ರೆ ಮೂಕ್ ಪ್ರಾಣಿ ಏನ್ ಮಾಡದು? ಎತ್ತು ಇರ್ಲಿ. ಆದ್ರೆ ಡಾಕ್ಟ್ರಮ್ಮಾರೆ, ನಾಳೆ ದಿಸ ಇವ್ನು ಮತ್ತೆ ತಗಾದೆ ತೆಗೀತಾನೆ. ಬಾಯ್ ಮಾತ್ಗೆ ಬೆಲೆ ಇಲ್ಲ. ಬರ್ದು ಕೊಡ್ತೀರಾ?"

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಸಾಹೇಬರ ಮಾತು ಕಿವಿಯಲ್ಲಿತ್ತು. ಕೊಡದೆ ಎದ್ದು ಬಂದಿದ್ದರೆ ಚೆಲುವ ಆ ವಾರ ಉಳಿಯುತ್ತಿದ್ದ, ಮುಂದಿನ ವಾರದ ಸಂತೆಗೆ ಗೊತ್ತಿಲ್ಲ. ಜವರಯ್ಯ ಚೀಲದಿಂದ ಆಸ್ಪತ್ರೆಯ ಚೀಟಿಯ ಹಾಳೆಯನ್ನೂ ದುಂಡು ಸೀಲನ್ನೂ ಆಗಲೇ ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದ.

ಬರೆದೆ. "ಚೆಲುವ ಎಂಬ ಈ ಎತ್ತು ಸಾಧು. ಸಂಕ್ರಾಂತಿಯ ದಿನ ಅದು ಬೆದರಿ ಓಡಿದ್ದಕ್ಕೆ ನಾನು ಕೊಟ್ಟ ತಪ್ಪು ಸಲಹೆಯೇ ಕಾರಣ." ಕೆಳಗೆ ಸಹಿ, ಸಹಿಯ ಮುಂದೆ ನನ್ನ ಡಿಗ್ರಿಯನ್ನು ಪೂರ್ತಿಯಾಗಿ ಬರೆದೆ. ಜವರಯ್ಯ ಸೀಲನ್ನು ಕಟ್ಟೆ ಅದುರುವ ಹಾಗೆ ಒತ್ತಿದ.

ಆರು ತಿಂಗಳಿಗೆ ನನಗೆ ಎಚ್.ಡಿ. ಕೋಟೆಗೆ ವರ್ಗವಾಯಿತು. ಆ ಕಾಗದಕ್ಕೂ ಈ ವರ್ಗಕ್ಕೂ ಏನೂ ಸಂಬಂಧವಿಲ್ಲ ಎಂದು ಸಾಹೇಬರು, ನಾನು ಕೇಳದೆ ಇದ್ದರೂ, ಎರಡು ಸಲ ಹೇಳಿದರು.

ಮರುವರ್ಷದ ಸಂಕ್ರಾಂತಿಗೆ ಅಜ್ಜಿ ಹೇಳಿಕಳುಹಿಸಿದಳು: ಬಂದು ನೀನೇ ಸಿಂಗಾರ ಮಾಡು. ಎರಡು ಬಸ್ಸು ಬದಲಾಯಿಸಿ ಹೋದೆ. ಅಷ್ಟು ಹೊತ್ತಿಗೆ ಕಲಿತದ್ದನ್ನೆಲ್ಲ ಆ ಎತ್ತಿನ ಮೇಲೆ ಹಾಕಿದೆ. ಮೈ ತೊಳೆದು ಒಣಗಿದ ಮೇಲೆ ಕೊಂಬಿಗೆ ಎಣ್ಣೆ, ಅರಿಶಿನ. ನೈಲಾನು ಬೇಡ ಎಂದು ಅಜ್ಜಿಯ ಹಳೆಯ ಹತ್ತಿಯ ಸೀರೆ, ಕಾಲಿಗೆ ತೊಡರದಂತೆ ಮಂಡಿಗಿಂತ ಮೇಲೆ. ಹಣೆಯ ಪಟ್ಟಿ ಕಣ್ಣಿಗೆ ಅಡ್ಡವಾಗದ ಹಾಗೆ. ಕೊರಳಿಗೆ ಅದು ದಿನವೂ ಕೇಳಿದ ಹಳೆಯ ಗೆಜ್ಜೆಯೇ, ಹೊಸದಲ್ಲ. ಸೀರೆಗೆ ಎಳೆದರೆ ಬಿಚ್ಚುವ ಗಂಟು. ಗಂಟಿನ ತುದಿಯನ್ನು ಅಜ್ಜಿಯ ಕೈಗೆ ಕೊಟ್ಟು, "ಬೆಂಕಿ ಹತ್ರ ಬಂದಾಗ ಎಳೀಬೇಕು. ಈ ಸಲ ಹೇಳಿದೀನಿ ನೋಡು" ಎಂದೆ.

ಚೆಲುವನ ಮೂಗುದಾರ ಹಿಡಿದದ್ದು ಸ್ವಾಮಣ್ಣ. ನನ್ನನ್ನು ನೋಡಿ ತಲೆ ಕೆರೆದುಕೊಂಡ. "ಜವರಯ್ಯ ಬಂದವ್ನಾ ಡಾಕ್ಟ್ರಮ್ಮಾರೆ?"

"ಇಲ್ಲ ಸ್ವಾಮಣ್ಣ. ಯಾಕೆ?"

"ಸುಮ್ಕೆ ಕೇಳ್ದೆ" ಎಂದವನು ಒಂದು ಸಲ ಹಿಂದೆ ತಿರುಗಿ ನೋಡಿಕೊಂಡ.

ಹುಲ್ಲಿಗೆ ಬೆಂಕಿ ಬಿತ್ತು. ನಾಲ್ಕು ಹೆಜ್ಜೆ ಇರುವಾಗ ಅಜ್ಜಿ ತುದಿ ಎಳೆದಳು, ಸೀರೆ ಜಾರಿ ಅವಳ ಕೈಗೆ ಬಂತು, ಚೆಲುವ ಬರಿಮೈಯಲ್ಲಿ ಬೆಕ್ಕಿನ ಹಾಗೆ ಹಾರಿ ಆಚೆ ನಿಂತ.

ಹೊರಡುವ ಮುಂಚೆ ಅಜ್ಜಿ ನನ್ನನ್ನು ಕೊಟ್ಟಿಗೆಗೆ ಕರೆದಳು. ಮೇವು ಹಾಕುವ ಗೊಂತಿನ ಮೇಲಿನ ಗೋಡೆಯಲ್ಲಿ, ಎತ್ತಿನ ಕಣ್ಣಿನ ಎತ್ತರಕ್ಕೆ, ಗಾಜು ಹಾಕಿಸಿದ ಒಂದು ಪಟ. ಕುಂಕುಮ ಇಟ್ಟಿತ್ತು. ಒಳಗೆ ಆಸ್ಪತ್ರೆಯ ಚೀಟಿ, ದುಂಡು ಸೀಲು. ನನ್ನ ಇಡೀ ಸೇವೆಯಲ್ಲಿ ನಾನು ತಪ್ಪು ಮಾಡಿದೆ ಎಂದು ನಾನೇ ಬರೆದು ಸಹಿ ಹಾಕಿದ ಒಂದೇ ಕಾಗದ. ಪಕ್ಕದ ಮನೆಯ ಹೆಂಗಸೊಬ್ಬಳು ಹಾಲಿಗೆಂದು ಬಂದಿದ್ದಳು. ಅಜ್ಜಿ ಅವಳನ್ನೂ ಹತ್ತಿರ ಎಳೆದು ತೋರಿಸಿದಳು.

"ಇಲ್ಲ್ ಬರ್ದವ್ಳೆ ನೋಡು, ನಮ್ ಚೆಲ್ವ ಒಳ್ಳೇನು ಅಂತವ."

ಅವಳ ಬೆರಳು ನನ್ನ ಡಿಗ್ರಿಯ ಮೇಲಿತ್ತು. ನಾನು ತಿದ್ದಲಿಲ್ಲ.